ಏಲಕ್ಕಿ ಕೊಟ್ಟು ತಂದ ಕ್ಯಾಮೆರಾ

ಚೇತನ್ ತನ್ನ ಹೊಸ ಕ್ಯಾಮೆರಾದ ಚೀಲವನ್ನು ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ಬಕಲ್ ಬಿಚ್ಚಿದ ಕೂಡಲೇ ಅಂಗಡಿಯ ತುಂಬ ಚರ್ಮದ ವಾಸನೆ ಹಬ್ಬಿತು. ಮುಂಗಾರು ಹಿಡಿದು ಇನ್ನೂ ವಾರವಾಗಿರಲಿಲ್ಲ. ಕುಶಾಲನಗರದ ನನ್ನ ಟೈಲರ್ ಅಂಗಡಿಯಲ್ಲಿ ಆ ಕಾಲಕ್ಕೆ ಇರುವುದು ಒದ್ದೆ ಕೊಡೆಯ ವಾಸನೆ, ಇಸ್ತ್ರಿ ಪೆಟ್ಟಿಗೆಯ ವಾಸನೆ, ಲೈನಿಂಗ್ ಬಟ್ಟೆಯ ಗಂಜಿಯ ವಾಸನೆ, ಇಷ್ಟೆ. ಅವುಗಳ ನಡುವೆ ಈ ಶ್ರೀಮಂತ ವಾಸನೆ ಬಂದು ಕೂತದ್ದೇ ತಡ, ನನ್ನ ಕೈಯ ಕತ್ತರಿ ನಿಂತುಬಿಟ್ಟಿತು.

ಚೇತನ್ ನಮ್ಮ ಕಟ್ಟಡದ ಯಜಮಾನ. ವಯಸ್ಸು ನಲವತ್ತು ದಾಟಿದೆ, ಊರಾಚೆ ಒಂದು ಹೋಂಸ್ಟೇ ನಡೆಸುತ್ತಾನೆ, ಹೊಟ್ಟೆ ಸ್ವಲ್ಪ ಮುಂದಿದೆ, ಮನಸ್ಸು ಒಳ್ಳೆಯದು. ಬಾಡಿಗೆ ಕೇಳಲು ನಾಚುವ ಮನುಷ್ಯ ಕ್ಯಾಮೆರಾದ ಬಗ್ಗೆ ಮಾತಾಡಲು ಮಾತ್ರ ನಾಚುವುದಿಲ್ಲ.

"ಮುಟ್ಟಿ ನೋಡಿ ಅಕ್ಕ, ಪರವಾಗಿಲ್ಲ," ಅಂದ. ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳಿ ಎಂದು ಕಣ್ಣಿನಲ್ಲೇ ಹೇಳಿದ.

"ಎಷ್ಟಾಯ್ತಪ್ಪಾ ಇದಕ್ಕೆ?"

"ಅದೊಂದು ಕೇಳ್ಬೇಡಿ. ಒಂದು ಕಾರೇ ಬರ್ತಿತ್ತು."

"ಹಂಗಾದ್ರೆ ಇದನ್ನ ಹತ್ಕೊಂಡು ಮಡಿಕೇರಿಗೆ ಹೋಗಿ ಬರ್ಬಹುದಾ?"

ಅವನು ನಗಲಿಲ್ಲ. ದುಬಾರಿ ಕ್ಯಾಮೆರಾ ಇರುವವರು ಅದರ ವಿಷಯದಲ್ಲಿ ನಗುವುದಿಲ್ಲ, ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಗಂಭೀರ ಮುಖ ನೋಡಿ ನನಗೆ ನಗು ತಡೆಯಲಾಗದೆ ಬಾಯಿ ಬಿಟ್ಟೆ: "ಇಂಥದ್ದೇ ಒಂದು ಜರ್ಮನೀದು ನಮ್ಮನೇಲೂ ಇದೆ ಮಾರಾಯ. ಅಟ್ಟದ ಮೇಲೆ, ಡ್ರಮ್ಮಿನೊಳಗೆ." ಚೇತನ್ ಕೂತಿದ್ದ ಸ್ಟೂಲಿನಿಂದ ಎದ್ದೇ ಬಿಟ್ಟ.

ಡ್ರಮ್ಮು ಅಂದರೆ ನಿಮಗೂ ವಿಚಿತ್ರವಾಗಿ ಕೇಳಿಸಬಹುದು. ಸ್ವಲ್ಪ ಹಿಂದಕ್ಕೆ ಬನ್ನಿ, ಹೇಳುತ್ತೇನೆ. ನಮ್ಮ ತಾತನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಸೋಮವಾರಪೇಟೆಯಾಚೆ ನೆಲೆ ನಿಂತವರು ನಾವು. ಒಂದಿಷ್ಟು ಗದ್ದೆ, ಒಂದಿಷ್ಟು ಏಲಕ್ಕಿ. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಪಿಕ್ಕಿಂಗ್ ಲೆಕ್ಕ, ಎಲ್ಲ ಅವರದ್ದೇ. ಆ ಎಸ್ಟೇಟಿನ ದೊರೆ ತೋಟ ಮಾರಿ ಊರು ಬಿಡುವಾಗ ತನ್ನ ಸಾಮಾನನ್ನೆಲ್ಲ ಬಂದಷ್ಟಕ್ಕೆ ಕೊಟ್ಟ. ಯಾರೋ ಕುರ್ಚಿ ತಂದರು, ಯಾರೋ ರೇಡಿಯೋ ತಂದರು. ನಮ್ಮ ದೊಡ್ಡಪ್ಪ ಆ ವರ್ಷದ ಏಲಕ್ಕಿಯನ್ನು ಪೂರ್ತಿ ಮಾರಿ, ಆ ದುಡ್ಡಿನಲ್ಲಿ ಜರ್ಮನಿಯ ಕ್ಯಾಮೆರಾ ತಂದರು.

ದೊಡ್ಡಮ್ಮ ಜಗಳ ಮಾಡಲಿಲ್ಲ. ಅದಕ್ಕೆ ಹೆಸರಿಟ್ಟಳು, ಏಲಕ್ಕಿ ಡಬ್ಬಿ ಅಂತ. "ಏಲಕ್ಕಿ ಡಬ್ಬೀಲಿ ಏನ್ ಕಾಣುತ್ತೆ ನೋಡಿ ಹೇಳಿ, ಮುಂದಿನ ವರ್ಷದ ಖರ್ಚಿಗೆ ದಾರಿ ಕಾಣುತ್ತಾ?" ಎಂದು ಊಟ ಬಡಿಸುವಾಗ ಕೇಳುವಳು. ದೊಡ್ಡಪ್ಪ ಕೇಳಿಸದವರಂತೆ ಮುದ್ದೆ ಮುರಿಯುವರು.

ಆದರೆ ಊರಿನಲ್ಲಿ ಅವರ ನಡಿಗೆಯೇ ಬದಲಾಯಿತು. ಮದುವೆಗೆ ಹೋದರೆ ಕುತ್ತಿಗೆಯಲ್ಲಿ ಅದು. ಸಾವಿಗೆ ಹೋದರೂ ಅದು, ಆಗ ಮಾತ್ರ ಶಾಲಿನೊಳಗೆ. ಬಹಳ ಸಲ ಒಳಗೆ ಫಿಲ್ಮೇ ಇರುತ್ತಿರಲಿಲ್ಲ, ರೋಲು ತರಲು ಮೈಸೂರಿಗೆ ಹೋಗಬೇಕಿತ್ತು. ಯಾರೂ ಅವರನ್ನು "ಫೋಟೋ ಎಲ್ಲಿ ರೈಟರೇ?" ಎಂದು ಕೇಳಿದವರಿಲ್ಲ. "ಜರ್ಮನೀದಂತೆ ಹೌದಾ?" ಎಂದೇ ಕೇಳುತ್ತಿದ್ದರು. ಹೌದು ಅನ್ನಲು ಅವರು ತೆಗೆದುಕೊಳ್ಳುತ್ತಿದ್ದ ಸಮಯದಲ್ಲಿ ನಾಲ್ಕು ಫೋಟೋ ತೆಗೆಯಬಹುದಿತ್ತು. ನನಗೆ ಅದರ ಚರ್ಮದ ಕವರು ಹಿಡಿದುಕೊಳ್ಳುವ ಕೆಲಸ. ಆ ಖಾಲಿ ಕವರು ಹಿಡಿದುಕೊಂಡೇ ನಾನು ಕ್ಲಾಸಿನ ಹುಡುಗಿಯರ ಮುಂದೆ ಎಷ್ಟು ಮೆರೆದಿದ್ದೇನೆ ಅಂದರೆ, ಒಳಗಿನ ಕ್ಯಾಮೆರಾ ಸಿಕ್ಕಿದ್ದರೆ ನನ್ನನ್ನು ಹಿಡಿಯುವವರೇ ಇರುತ್ತಿರಲಿಲ್ಲ.

ಈಗ ಡ್ರಮ್ಮಿಗೆ ಬರೋಣ. ನಮ್ಮ ಕಡೆ ಮಳೆಗಾಲಕ್ಕೆ ಎಲ್ಲವನ್ನೂ ಎತ್ತಿಡುವುದು ರೂಢಿ. ಸೌದೆ, ಉಪ್ಪು, ಮೆಣಸಿನಕಾಯಿ, ಹಪ್ಪಳ, ಹಲಸಿನ ಬೀಜ. ಎತ್ತಿಡದ ವಸ್ತುವಿಗೆ ಬೂಷ್ಟು ಹಿಡಿಯುತ್ತದೆ. ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಹಿಂದಿನ ರಟ್ಟಿಗೆ, ನಾಲ್ಕು ದಿನ ಸುಮ್ಮನೆ ಕೂತರೆ ಮನುಷ್ಯರಿಗೂ ಹಿಡಿಯುತ್ತದೆ ಎಂದು ನಮ್ಮವರು ಬೈಯುವುದುಂಟು. ದೊರೆ ಹೊರಡುವಾಗ ದೊಡ್ಡಪ್ಪನಿಗೆ ಹೇಳಿದ್ದನಂತೆ, ಈ ಗಾಜಿಗೆ ಬೂಷ್ಟು ಬಂದರೆ ಮುಗಿಯಿತು ಅಂತ. ಸಾಕಲ್ಲ. ದೊಡ್ಡಪ್ಪ ಎಸ್ಟೇಟಿನ ಗೋಡೌನಿನಿಂದ ಮುಚ್ಚಳವಿರುವ ಕಬ್ಬಿಣದ ಡ್ರಮ್ಮು ತಂದರು. ತಳದಲ್ಲಿ ಇದ್ದಿಲು, ಮೇಲೆ ಗೋಣಿ, ಅದರ ಮೇಲೆ ಚರ್ಮದ ಕವರಿನೊಳಗೆ ಕ್ಯಾಮೆರಾ. ಮುಚ್ಚಳದ ಸುತ್ತ ಸೈಕಲ್ ಟ್ಯೂಬು ಕೊಯ್ದು ಬಿಗಿದು ಕಟ್ಟುವರು. ಮೃಗಶಿರಾ ಮಳೆ ಹಿಡಿಯಿತೆಂದರೆ ಅದು ಒಳಗೆ ಹೋಯಿತು. ಇನ್ನು ಆಚೆ ಬರುವುದು ಆಯುಧ ಪೂಜೆಯ ದಿನ, ಕುಡುಗೋಲು, ಗುದ್ದಲಿ, ಕೋವಿಗಳ ಸಾಲಿನಲ್ಲಿ ಕುಂಕುಮ ಇಡಿಸಿಕೊಳ್ಳಲು.

ಹೀಗಾಗಿ ನಮ್ಮ ಮನೆಯ ಆಲ್ಬಮ್ಮಿನಲ್ಲಿ ಮಳೆಯೇ ಇಲ್ಲ. ಪುಟ ಪುಟದಲ್ಲೂ ಬಿಸಿಲು. ಗೊತ್ತಿಲ್ಲದವರು ನೋಡಿದರೆ ನಾವು ಬಳ್ಳಾರಿಯವರು ಅಂದುಕೊಳ್ಳಬೇಕು. ವರ್ಷದಲ್ಲಿ ನಾಲ್ಕು ತಿಂಗಳು ನಾವು ಯಾರೂ ಬದುಕಿಯೇ ಇರಲಿಲ್ಲವೇನೋ ಅನ್ನುವ ಹಾಗೆ ಆ ಆಲ್ಬಮ್ಮು ಇದೆ.

ಮತ್ತು ದೊಡ್ಡಮ್ಮ ಪೂರ್ತಿಯಾಗಿ ಬದುಕುತ್ತಿದ್ದದ್ದೇ ಆ ನಾಲ್ಕು ತಿಂಗಳಲ್ಲಿ. ಪುನರ್ವಸು ಮಳೆಗೆ ಗದ್ದೆ ಉತ್ತು, ಪುಷ್ಯಕ್ಕೆ ನಾಟಿ. ಸುತ್ತಲಿನ ಮನೆಗಳಿಂದ ಹೆಂಗಸರು ಮುಯ್ಯಾಳಿಗೆ ಬರುವರು, ಇವತ್ತು ನಮ್ಮ ಗದ್ದೆ, ನಾಳೆ ಅವರ ಗದ್ದೆ. ಯಾರ ಗದ್ದೆಯಾದರೂ ಮೊದಲ ಸಾಲು ದೊಡ್ಡಮ್ಮನದು. ಸಾಲು ನೇರ ಬರಲೆಂದು ಹಗ್ಗ ಹಿಡಿಯುವುದಿಲ್ಲ, ಗೂಟ ನೆಡುವುದಿಲ್ಲ. ಮಳೆಗೆ ತಲೆಯಿಂದ ಬೆನ್ನಿಗೆ ಗೋಣಿಯ ಕೊಪ್ಪೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿಗೆ ಕಟ್ಟಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು ಬಗ್ಗಿದಳೆಂದರೆ, ಹಿಂದೆ ಹಿಂದೆ ಹೋಗುತ್ತ ಗದ್ದೆಯ ಆಚೆ ಬದುವಿಗೇ ಸೊಂಟ ಎತ್ತುವಳು. ಆ ಸಾಲನ್ನು ನೋಡಿಕೊಂಡು ಉಳಿದವರ ಸಾಲು. "ಗೌರಮ್ಮನ ಸಾಲು ಹಾಕ್ಲಿ ತಡೀರೇ," ಎಂದು ಹೆಂಗಸರು ಬದುವಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಕಾಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಅವಳು ಕೇಳಿದ್ದು ಒಂದೇ. "ರೀ, ಒಂದ್ಸಲ ಆ ಏಲಕ್ಕಿ ಡಬ್ಬೀನ ಗದ್ದೆ ಹತ್ರ ತನ್ನಿ. ನಾಟೀಲಿ ಒಂದು ಫೋಟೋ ತೆಗೀರಿ."

"ನಿಂಗೆ ತಲೆಗಿಲೆ ಕೆಟ್ಟಿದ್ಯೇನೇ? ಈ ಮಳೇಲಿ? ಜರ್ಮನಿ ಮಾಲು ಅದು!"

"ಜರ್ಮನೀಲಿ ಮಳೆ ಬರಲ್ವಾ?"

"ದಸರಾ ಬರ್ಲಿ. ಆ ಜರತಾರಿ ಸೀರೆ ಉಟ್ಕೊ. ಅಂಗಳದಲ್ಲಿ ನಿಲ್ಲಿಸಿ ಎಷ್ಟು ಬೇಕೋ ಅಷ್ಟು ತೆಗೀತೀನಿ."

ತೆಗೆಯುತ್ತಿದ್ದರು ಕೂಡ. ಆಲ್ಬಮ್ಮಿನಲ್ಲಿ ವರ್ಷಕ್ಕೊಂದರಂತೆ ದೊಡ್ಡಮ್ಮ ತುಳಸಿಕಟ್ಟೆಯ ಪಕ್ಕ ನಿಂತಿದ್ದಾಳೆ, ಹಾಗಲಕಾಯಿ ತಿಂದ ಮುಖ ಮಾಡಿಕೊಂಡು. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕೋರಿಕೆ, ಮತ್ತೆ ಅದೇ ಉತ್ತರ. ಒಮ್ಮೆ ನಾನು ಆ ಫೋಟೋಗಳನ್ನು ನೋಡಿ ಚೆನ್ನಾಗಿ ಬಂದಿದ್ದೀಯ ದೊಡ್ಡಮ್ಮ ಅಂದೆ. "ಅದು ಸೀರೆ ಫೋಟೋ ಕಣೇ, ನಂದಲ್ಲ," ಅಂದಳು. ಅಕ್ಕಿ ಆರಿಸುತ್ತಿದ್ದವಳು ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

ದೊಡ್ಡಪ್ಪ ಕೆಟ್ಟವರಲ್ಲ, ಹಾಗೆ ತಿಳಿಯಬೇಡಿ. ನನಗೆ ಹೊಲಿಗೆ ಕಲಿಸಲು ಕುಶಾಲನಗರಕ್ಕೆ ಕಳಿಸಿದವರು, ಊರವರ ಬಾಯಿ ಮುಚ್ಚಿಸಿದವರು ಅವರೇ. ಆದರೂ ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿದೆ, ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುವವರು ಅನ್ನಲಿ. ಅವರು ತೀರಿಕೊಂಡ ಮೇಲೆ ಮಗಳು ಸುಮ ಆ ಡ್ರಮ್ಮನ್ನು ಜೀಪಿನಲ್ಲಿ ಹಾಕಿಕೊಂಡು ಬಂದು ನಮ್ಮನೆಗೆ ಇಳಿಸಿದಳು. "ಕವರು ಹಿಡ್ಕೊಂಡವಳು ನೀನೇ ಅಲ್ವಾ ಅಕ್ಕ, ನೀನೇ ಇಟ್ಕೊ. ನಮ್ಮನೇಲಿ ಗೊಬ್ಬರ ಇಡೋಕೇ ಜಾಗ ಇಲ್ಲ," ಅಂದಳು. ಅಂದಿನಿಂದ ಅದು ನಮ್ಮ ಅಟ್ಟದ ಮೇಲಿತ್ತು.

ಚೇತನ್ ಆ ಸಂಜೆಯೇ ಬಂದು ಡ್ರಮ್ಮು ಇಳಿಸಿದ. ಟ್ಯೂಬು ಕಿತ್ತು ಮುಚ್ಚಳ ತೆಗೆದರೆ ಒಳಗಿಂದ ಇದ್ದಿಲಿನ, ಚರ್ಮದ, ಎಂದೋ ಒಂದು ಕಾಲದ ಗಾಳಿಯ ವಾಸನೆ. ಅವನು ಕ್ಯಾಮೆರಾವನ್ನು ಬಾಣಂತಿಯ ಕೈಯಿಂದ ಕೂಸು ತೆಗೆದುಕೊಂಡ ಹಾಗೆ ತೆಗೆದುಕೊಂಡ. ಮೊಬೈಲಿನ ಟಾರ್ಚು ಬಿಟ್ಟು ಲೆನ್ಸಿನೊಳಗೆ ನೋಡಿ "ಅಯ್ಯಯ್ಯೋ" ಅಂದ. ನಾನೂ ಇಣುಕಿದೆ. ಗಾಜಿನ ಒಳಗೆ ಬೆಳ್ಳಗೆ ಎಳೆ ಎಳೆಯಾಗಿ ಬೂಷ್ಟು. ಬೂಷ್ಟು ಬಾರದಿರಲೆಂದು ಗಾಳಿ ಬೆಳಕು ಎರಡನ್ನೂ ಮುಚ್ಚಿಟ್ಟಿದ್ದರು ದೊಡ್ಡಪ್ಪ. ಬೂಷ್ಟಿಗೆ ಬೇಕಾದದ್ದೂ ಅದೇ ಅಂತೆ, ಗಾಳಿಯಿಲ್ಲದ ಕತ್ತಲೆ.

"ಇನ್ನೂ ಅಂಚಲ್ಲಿದೆ ಅಕ್ಕ, ಮೈಸೂರಲ್ಲಿ ಕ್ಲೀನ್ ಮಾಡಿಸ್ಬಹುದು. ಶಟರ್ ನೋಡಿ, ಹೆಂಗಿದೆ!" ಅವನು ಒತ್ತಿದ. ನಮ್ಮ ಮಾತಿಗಿಂತ ಮೆತ್ತಗೆ ಒಂದು ಸದ್ದಾಯಿತು, ಅಷ್ಟೆ. ಬ್ಯಾಟರಿ ಇಲ್ಲ, ಎಂಥದ್ದೂ ಇಲ್ಲ, ಅಷ್ಟು ವರ್ಷ ಸುಮ್ಮನಿದ್ದದ್ದು ಕರೆದ ಕೂಡಲೇ ಓ ಅಂದಿತು. "ಇದಕ್ಕೇ ಕೊಡೋದು ದುಡ್ಡು," ಅಂದ ಚೇತನ್. ಆಮೇಲೆ ಹೇಳಿದ, "ಕ್ಲೀನ್ ಆದ್ಮೇಲೆ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗಿಡಿ. ಕೊಡೋದಾದ್ರೆ ನಂಗೇ ಕೊಡಿ, ಒಳ್ಳೆ ಬೆಲೆ ಕೊಡ್ತೀನಿ. ಆದ್ರೆ ದಯವಿಟ್ಟು ಮಳೇಲಿ ಮಾತ್ರ ಆಚೆ ತೆಗೀಬೇಡಿ."

ನನಗೆ ಮೈಯೆಲ್ಲ ಉರಿಯಿತು. ಮಾತು ಚೇತನಂದು, ದನಿ ನಮ್ಮ ದೊಡ್ಡಪ್ಪನದು.

ಇಲ್ಲಿ ನನ್ನ ಕತ್ತರಿಯ ವಿಷಯ ಹೇಳಲೇಬೇಕು. ನಾನು ಬಳಸುವುದು ವಿದೇಶಿ ಕತ್ತರಿ. ಅದರ ಬೆಲೆ ಕೇಳಿ ನನ್ನ ಗಂಡ, ಇಷ್ಟಕ್ಕೆ ಇನ್ನೊಂದು ಮಿಷನ್ನೇ ಬರುತ್ತಿತ್ತಲ್ಲ ಎಂದು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಬೇರೆ ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ನಾನು ಮನುಷ್ಯಳಾಗಿರುವುದಿಲ್ಲ. ಹಾಗಾಗಿ ದುಬಾರಿ ವಸ್ತುಗಳೆಲ್ಲ ಬರೀ ಡೌಲು ಎಂದು ನನ್ನ ಬಾಯಲ್ಲಿ ಬರುವುದಿಲ್ಲ. ಜಾರುವ ರೇಷ್ಮೆಯನ್ನು ಒಂದು ದಾರ ಬಿಡದೆ ಕತ್ತರಿಸಿಕೊಡುತ್ತದೆ ಆ ಕತ್ತರಿ. ಅಗ್ಗದ್ದು ಕೊಡುವುದಿಲ್ಲ. ಒಳ್ಳೆಯ ಕೆಲಸಗಾರ ಮನಸ್ಸಿಟ್ಟು ಮಾಡಿದ ವಸ್ತುವಿಗೆ ಹೆಚ್ಚು ಬೆಲೆ ಇರಲಿ, ನ್ಯಾಯವೇ. ಆದರೆ ಅದನ್ನು ನಾನು ದಿನಾ ಬೆಳಿಗ್ಗೆ ಎತ್ತಿಕೊಳ್ಳುತ್ತೇನೆ, ಆ ಬೆಲೆ ನನಗೆ ತೀರುವುದು ಅಲ್ಲಿ. ಕತ್ತರಿಯನ್ನು ಮಖಮಲ್ಲಿನಲ್ಲಿ ಸುತ್ತಿಟ್ಟು, ಬಂದವರಿಗೆ ತೋರಿಸಿ, ಬಟ್ಟೆಯನ್ನು ಹಲ್ಲಿನಲ್ಲಿ ಹರಿದರೆ? ದೊಡ್ಡಪ್ಪ ಮಾಡಿದ್ದು ಅದನ್ನೇ. ಕ್ಯಾಮೆರಾದ ಬೆಲೆಯಲ್ಲಿ ಮೋಸವಿರಲಿಲ್ಲ. ಆ ಬೆಲೆಯ ಬೆನ್ನಿಗೆ ಒಂದು ಪ್ರತಿಷ್ಠೆ ಹತ್ತಿ ಮನೆಯೊಳಗೆ ಬಂತಲ್ಲ, ಅದು ದೊಡ್ಡಮ್ಮನ ಮಳೆಗಾಲಗಳನ್ನೆಲ್ಲ ನುಂಗಿ ಹಾಕಿತು.

ಅದೇ ವಾರ ಸುಮ ಫೋನ್ ಮಾಡಿದಳು. ಅವಳೂ ಗಂಡ ರಮೇಶನೂ ದೊಡ್ಡಮ್ಮನ ಜೊತೆಯಲ್ಲೇ ಇದ್ದಾರೆ, ತೋಟ ಗದ್ದೆ ಅವರೇ ನೋಡಿಕೊಳ್ಳುವುದು. "ಈ ವರ್ಷದ್ದೇ ಕೊನೇ ನಾಟಿ ಅಕ್ಕ. ಆಳು ಸಿಗಲ್ಲ, ಆನೆ ಬೇರೆ. ಮುಂದಿನ ವರ್ಷ ಗದ್ದೆಗೆ ಮಣ್ಣು ತುಂಬಿಸಿ ಕಾಫಿ ಹಾಕ್ತಾರಂತೆ ಇವ್ರು. ಅಮ್ಮನ ಮಂಡಿ ಹೋಗಿದೆ, ಆದ್ರೂ ನಾನೇ ಮೊದಲ ಸಾಲು ಹಾಕೋದು ಅಂತ ಕೂತಿದ್ದಾಳೆ."

ನಾನು ಫೋನ್ ಇಟ್ಟವಳೇ ಚೇತನ್‌ಗೆ ಹೇಳಿದೆ: "ಕ್ಯಾಮೆರಾ ಮೈಸೂರಿಗೆ ಕಳ್ಸು. ಫಿಲ್ಮ್ ತರ್ಸು. ನಾಟಿ ದಿನ ನೀನೂ ಬರ್ತೀಯ."

"ನಾಟಿ ಅಂದ್ರೆ... ಮಳೇಲಾ?"

"ಮಳೇಲೇ."

"ಅಕ್ಕ, ನನ್ನ ಹೊಸದ್ರಲ್ಲಿ ತೆಗೀತೀನಿ. ಅದು ನೀರಿಗೆ ತಡೆಯುತ್ತೆ."

"ಅವಳು ಕೇಳಿದ್ದು ನಿನ್ನ ಕ್ಯಾಮೆರಾನ ಅಲ್ಲ. ಅವಳ ಏಲಕ್ಕಿ ಹೋಗಿದ್ದು ಇದಕ್ಕೆ. ಇದ್ರಲ್ಲೇ ಆಗ್ಬೇಕು." ನನಗೆ ಹಟ ಹಿಡಿದರೆ ನನ್ನ ಗಂಡನೇ ಎದುರು ನಿಲ್ಲುವುದಿಲ್ಲ, ಪಾಪ ಬಾಡಿಗೆಯ ಯಜಮಾನ ಏನು ನಿಂತಾನು?

ನಾಟಿಯ ದಿನ ಆಕಾಶ ತೂತು ಬಿದ್ದಂತೆ ಸುರಿಯುತ್ತಿತ್ತು. ಬದುವಿನ ಮೇಲೆ ನಾನು, ನನ್ನ ಮೇಲೆ ಕೊಡೆ ಹಿಡಿದು ಚೇತನ್. ತಾನು ಪೂರ್ತಿ ನೆನೆಯುತ್ತಿದ್ದರೂ ಕೊಡೆಯನ್ನು ಕ್ಯಾಮೆರಾ ಹೋದ ಕಡೆ ವಾಲಿಸುತ್ತಿದ್ದ. ಬೆಳಕಿಗೆ ತಕ್ಕ ಹಾಗೆ ನಂಬರುಗಳನ್ನು ತಿರುಗಿಸಿಕೊಟ್ಟವನೂ ಅವನೇ. ದೊಡ್ಡಮ್ಮ ಸುಮಳ ಹೆಗಲು ಹಿಡಿದು ಗದ್ದೆಗೆ ಇಳಿದಳು. ನನ್ನ ಕೈಯಲ್ಲಿ ಇದ್ದದ್ದನ್ನು ನೋಡಿದಳು. ಮುಖ ಒಂದು ಕ್ಷಣ ಹೇಗೋ ಆಯಿತು. "ನೆನೆಯುತ್ತಲ್ಲೇ ಅದು," ಅಂದಳು.

"ನೆನೀಲಿ ಬಿಡು."

"ಅವ್ರು ಇದ್ದಿದ್ರೆ ಎದೆ ಒಡ್ಕೊಳ್ಳೋರು." ಹಾಗೆಂದು ನಕ್ಕಳು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆ ಮಳೆಯಲ್ಲಿ ಒರೆಸಿಕೊಳ್ಳಬೇಕಾದ್ದು ಏನಿತ್ತೋ.

"ಈ ಕಡೆ ತಿರುಗು ದೊಡ್ಡಮ್ಮ, ಮುಖ ಕಾಣಲ್ಲ," ಅಂದೆ.

"ಮುಖ ಯಾರಿಗೇ ಬೇಕು? ಮುಖ ಆ ಆಲ್ಬಮ್ಮಲ್ಲಿ ದಂಡಿಯಾಗಿದೆ. ಸಾಲು ತೆಗಿ, ಸಾಲು!" ಬಗ್ಗಿದವಳು ಬಗ್ಗಿದಂತೆಯೇ ಗದರಿಸಿದಳು. "ಇನ್ನು ಹದಿನೈದು ದಿನ ಅಷ್ಟೇ ಇದು ಕಾಣೋದು. ಆಮೇಲೆ ಪೈರು ತೆಂಡೆ ಒಡೆದು ಎಲ್ಲ ಮುಚ್ಚಿ ಹಾಕುತ್ತೆ. ದಸರಾಕ್ಕೆ ಬಂದು ನೋಡಿದ್ರೆ ಯಾರು ಹೆಂಗೆ ನೆಟ್ಟಿದ್ರು ಅಂತ ಯಾವ ದೇವ್ರಿಗೆ ಗೊತ್ತಾಗುತ್ತೆ? ವರ್ಷ ವರ್ಷ ಹಂಗೇ ಮುಚ್ಚೋಯ್ತು. ಅದಕ್ಕೇ ಕಣೇ ಕೇಳ್ತಿದ್ದಿದ್ದು."

ತುಳಸಿಕಟ್ಟೆಯ ಪಕ್ಕ ಅವಳನ್ನು ವರ್ಷ ವರ್ಷ ನಿಲ್ಲಿಸಿದ ದೊಡ್ಡಪ್ಪನಿಗೂ ಇದು ತಿಳಿದಿರಲಿಲ್ಲ, ಅವಳ ಪರವಾಗಿ ಇಷ್ಟು ಹಾರಾಡಿದ ನನಗೂ ತಿಳಿದಿರಲಿಲ್ಲ. ದೊಡ್ಡಮ್ಮ ಹಿಂದೆ ಹಿಂದೆ ಹೋಗುತ್ತಿದ್ದಳು. ನಡುವೆ ಮಂಡಿ ಹಿಡಿದು ನಿಲ್ಲುವಳು, ಸುಮ ಸಾಕು ಬಾರಮ್ಮ ಅನ್ನುವಳು, ಅವಳು ಕೈ ಬೀಸಿ ಮತ್ತೆ ಬಗ್ಗುವಳು. ಆಚೆ ಬದು ಮುಟ್ಟಿದ ಮೇಲೆಯೇ ಸೊಂಟ ಎತ್ತಿದ್ದು. ಗಾಜಿನ ಮೇಲೆ ಹನಿ ಬೀಳುತ್ತಿತ್ತು, ನನ್ನ ಲೈನಿಂಗ್ ಬಟ್ಟೆಯಲ್ಲಿ ಒರೆಸುತ್ತ ಒರೆಸುತ್ತ ನಾನು ರೋಲು ಮುಗಿಯುವವರೆಗೆ ಒತ್ತಿದೆ. ಕ್ಯಾಮೆರಾ ಒಂದು ಸಲವೂ ತಕರಾರು ತೆಗೆಯಲಿಲ್ಲ.

ರೋಲು ಬೆಂಗಳೂರಿಗೆ ಹೋಗಿ ಫೋಟೋ ಆಗಿ ಬರುವ ಹೊತ್ತಿಗೆ ಗದ್ದೆಯಲ್ಲಿ ಪೈರು ಎದ್ದು ಸಾಲು ಮುಚ್ಚಿತ್ತು. ಇದ್ದುದರಲ್ಲಿ ಒಳ್ಳೆಯದನ್ನು ಚೇತನ್ ದೊಡ್ಡದಾಗಿ ಮಾಡಿಸಿ, ತಾನೇ ನನ್ನನ್ನು ಕಾರಿನಲ್ಲಿ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದ. ಏನು ಫೋಟೋ ಅಂತೀರಿ! ಬೂದು ಬಣ್ಣದ ನೀರಿನ ಮೇಲೆ ಒಂದೊಂದು ಸಸಿಯೂ ಬೇರೆ ಬೇರೆಯಾಗಿ ಕಾಣುತ್ತದೆ. ಎಣಿಸುವವರು ಎಣಿಸಬಹುದು. ಸಾಲಿನ ತುದಿಯಲ್ಲಿ ಕೊಪ್ಪೆಯೊಳಗೆ ಬಗ್ಗಿದ ದೊಡ್ಡಮ್ಮ, ಚಿಕ್ಕದಾಗಿ. ಮೊಬೈಲಿನಲ್ಲಿ ತೆಗೆದಿದ್ದರೂ ಹೀಗೇ ಬರುತ್ತಿತ್ತೋ ಏನೋ, ನಾನು ಸುಳ್ಳು ಹೇಳಲಾರೆ. ನನಗೆ ಮಾತ್ರ ನೋಡಿದಷ್ಟೂ ಹೊಟ್ಟೆ ತುಂಬುತ್ತಿತ್ತು.

ದೊಡ್ಡಮ್ಮ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಹಾಕಿಕೊಂಡಳು. ನೋಡಿದಳು, ನೋಡಿದಳು. ನಾವೆಲ್ಲ ಅವಳು ಅಳುತ್ತಾಳೆಂದು ಕಾದೆವು. ಚೇತನ್ ತಡೆಯಲಾಗದೆ ಕೇಳಿದ, "ಅಜ್ಜಿ, ಹೆಂಗೆ ಬಂದಿದೆ?"

"ಫೋಟೋ ಚೆನ್ನಾಗಿದೆ. ಸಾಲು ಸೊಟ್ಟ ಆಗಿದೆ."

"ಎಲ್ಲಿ ಅಜ್ಜಿ? ದಾರ ಹಿಡಿದ ಹಂಗಿದೆ!"

"ನಿಂಗೇನ್ ಗೊತ್ತಾಗುತ್ತೆ. ಇಲ್ಲಿ ನೋಡು," ಎಂದು ಬೆರಳಿಟ್ಟಳು. ಬೆರಳಿಟ್ಟ ಮೇಲೆ ನಮಗೂ ಕಂಡಿತು. ಅವಳು ಮಂಡಿ ಹಿಡಿದು ನಿಂತ ಜಾಗವಿರಬೇಕು, ಅಲ್ಲಿಂದ ನಾಲ್ಕೈದು ಸಸಿ ಎಡಕ್ಕೆ ಜರುಗಿದ್ದವು. ಆ ಗಾಜು ಯಾರ ಮುಲಾಜೂ ನೋಡಿರಲಿಲ್ಲ.

ದೊಡ್ಡಮ್ಮ ಕನ್ನಡಕ ತೆಗೆದು ರಮೇಶನ ಕಡೆ ತಿರುಗಿದಳು. "ಅಳಿಯಂದ್ರೇ, ಕಾಫಿ ಗಿಡ ಆಮೇಲೆ ಹಾಕ್ಕಳಿ. ಮುಂದಿನ ವರ್ಷ ಈ ಗದ್ದೆ ನಾಟಿ ಆಗ್ಬೇಕು. ಈ ಸೊಟ್ಟ ಸಾಲು ಬಿಟ್ಟು ನಾನು ಸಾಯಲ್ಲ."

ರಮೇಶ ಹೆಂಡತಿಯ ಮುಖ ನೋಡಿದ. ಸುಮ ನನ್ನ ಮುಖ ನೋಡಿದಳು. ನಾನು ಮಳೆ ನೋಡಿದೆ.

ಈಗ ಕುಯ್ಲು ಮುಗಿದು ಚಳಿ ಬಿದ್ದಿದೆ. ಚೇತನ್ ಕ್ಯಾಮೆರಾ ಕೊಡಿ ಎಂದು ಕೇಳುವುದನ್ನು ಬಿಟ್ಟಿದ್ದಾನೆ. ಇವತ್ತು ಬೆಳಿಗ್ಗೆ ಸುಮಳ ಫೋನು: "ಅಕ್ಕ, ಅಮ್ಮ ಬಿತ್ತನೆಗೆ ಅಂತ ಭತ್ತ ತೂರಿ ಎತ್ತಿಟ್ಟಾಯ್ತು. ಇವ್ರು ಮಣ್ಣಿನ ಲಾರೀನ ಬೇಡ ಅಂದ್ಬಿಟ್ರು. ನೀನು ಪುಷ್ಯ ಮಳೆಗೆ ಬರ್ಲೇಬೇಕಂತೆ. ಈ ಸಲ ಸಾಲು ನೋಡ್ಕೊಂಡು ತೆಗೀಬೇಕಂತೆ, ಕೊಡೆ ಅಡ್ಡ ಹಿಡಿಯೋ ಆ ದಪ್ಪಣ್ಣನ್ನ ಮಾತ್ರ ದೂರ ನಿಲ್ಲಿಸ್ಬೇಕಂತೆ."